ಒಳಪುಟ ತೆರೆದಾಗ

“ಯವ್ವಾ, ತಿಕೋಟಾ ರಸ್ತೆದಾಗ ಸಿಕ್ಕಾಂವ ಅಂತ ಬರದಾರಲ್ಲ, ಎಷ್ಟ ಒತ್ತಿದ್ರೂ ಅವನ ಫೋಟೊ ಬರವಲ್ದು ನೋಡ,” ಎನ್ನುತ್ತಾ ನಿಡೋಣಿ ಊರಿನ ಅಕ್ಕ ಒಬ್ಬರು ಮೊಬೈಲನ್ನು ನನ್ನ ಮುಂದೆ ಹಿಡಿದರು.

ವಿಜಯಪುರದಲ್ಲಿ ವಾರಸುದಾರರಿಲ್ಲದ ಶವಗಳನ್ನು ಮಣ್ಣು ಮಾಡುವ ಗೆಳೆಯರ ಬಳಗವೊಂದಿದೆ. ಮನೆಯವರು ಗುರುತು ಹಿಡಿಯಲೆಂದು ಫೋಟೊಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಅದು ಕೆಟ್ಟಿದೆಯೆಂದು, ಸರಿಪಡಿಸಲು ನನ್ನನ್ನು ತಮ್ಮ ಕಚೇರಿಗೆ ಕರೆಸಿದ್ದರು. ಮನೆ ಬಿಟ್ಟುಹೋದ ತಮ್ಮನನ್ನು ಹುಡುಕುತ್ತಾ ಈ ಅಕ್ಕನೂ ಅಲ್ಲಿಗೆ ಬಂದಿದ್ದರು.

ಕೋಡ್ ತೆರೆದು ನೋಡಿದೆ. ಒಂದು ಪುಟದೊಳಗೆ ಇನ್ನೊಂದು ಪುಟ ತೆರೆಯಬೇಕಿತ್ತು. ಒಳಪುಟದ ದಾರಿ ಸರಿಯಾಗಿಯೇ ಇತ್ತು. ಆದರೆ ಅದು ಬಂದು ಕೂರಲು ಹೊರಪುಟದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ. ಜಾಗ ಬಿಡುವ ಒಂದು ಸಾಲು ಸೇರಿಸಿ ಒತ್ತಿದೆ. “ಬಂತ್ ನೋಡ್ರಿ ಅಕ್ಕಾ!” ಎಂದು ಖುಷಿಯಿಂದ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿಯೂಬಿಟ್ಟೆ.

ಪರದೆಯ ಮೇಲೆ ಅಕ್ಷರಗಳ ಹಚ್ಚೆ ಹಾಕಿಸಿಕೊಂಡ ಮುಂಗೈಯೊಂದಿತ್ತು. ಅಕ್ಕ ಅಳಲಿಲ್ಲ. ಆ ಅಕ್ಷರಗಳ ಮೇಲೆ ಬೆರಳಾಡಿಸಿ, “ಇದು ನನ್ನ ಹೆಸರ. ನನ್ನ ಲಗ್ನ ಆದಾಗ ಅತ್ತಕೋಂತ ಹೋಗಿ ಹಾಕಿಸ್ಕೊಂಡಿದ್ದ,” ಎಂದರು. ಆಮೇಲೆ ಬಳಗದ ಹಿರಿಯರತ್ತ ತಿರುಗಿದರು. “ಎಲ್ಲಿ ಮಣ್ಣ ಮಾಡೀರಿ ಯಪ್ಪಾ? ತೋರಸ್ರಿ.” ಅವರು ಅಕ್ಕನನ್ನು ಕರೆದುಕೊಂಡು ಹೊರಟರು.

ಉಳಿದ ಪುಟಗಳೂ ಸರಿಯಾಗಿವೆಯೇ ಎಂದು ನಾನಿನ್ನೂ ನೋಡಬೇಕಿತ್ತು. ಎಲ್ಲವೂ ತಡೆಯಿಲ್ಲದೆ ತೆರೆದುಕೊಂಡವು. ಒಂದೊಂದು ಮುಖ ಬಂದಾಗಲೂ, ಇವರಿಗಾಗಿ ಯಾವ ಮನೆಯಲ್ಲಿ ಇನ್ನೂ ಕಾಯುತ್ತಿದ್ದಾರೋ ಎನಿಸಿ ಮುಂದಿನದನ್ನು ಒತ್ತಲು ಕೈ ಬರುತ್ತಿರಲಿಲ್ಲ.