ಕಾಂತರಾಜ್ ಆರಿಸಿದ ಕೆಂಪು ದೀಪ

ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಅಂದರೆ ಕಾಂತರಾಜ್. ಸೆಲ್ಫ್ ಹೊಡೆಯದ ಆಟೊ, ಹಾರ್ನ್ ಕೂಗದ ಸ್ಕೂಲ್ ವ್ಯಾನು, ಎಲ್ಲ ಅವನ ಅಂಗಡಿ ಮುಂದೆಯೇ ಬಂದು ನಿಲ್ಲುತ್ತಿದ್ದವು. ತಂದೆ ಪೆರುಮಾಳ್ ಕೋರಮಂಡಲ್ ಚಿನ್ನದ ಗಣಿಯಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದವರು. ಗಣಿ ಮುಚ್ಚಿದ ವರ್ಷ ಕಾಂತರಾಜ್ ಶಾಲೆ ಬಿಟ್ಟು ಮೋಟಾರು ವೈಂಡಿಂಗ್ ಅಂಗಡಿ ಸೇರಿದ. ಕೈ ಚುರುಕು, ಕಿವಿ ಇನ್ನೂ ಚುರುಕು. ಆದರೆ 'ಗೊತ್ತಿಲ್ಲ' ಎಂಬ ಮಾತು ಮಾತ್ರ ಅವನ ಬಾಯಿಂದ ಯಾರೂ ಕೇಳಿದ್ದಿಲ್ಲ.

ಕೋದಂಡಪ್ಪನವರು ಬೂದಿಕೋಟೆ ಕಡೆಯವರು, ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಹೆಂಡತಿ ಕನಕಮ್ಮನಿಗೆ ಕಿಡ್ನಿ ಕೈಕೊಟ್ಟು, ವಾರವಾರವೂ ಡಯಾಲಿಸಿಸ್‌ಗೆ ಕೋಲಾರಕ್ಕೆ ಹೋಗಬೇಕಿತ್ತು. ವಾಪಸು ಬರುವಾಗ ಆಟೊದ ಕುಲುಕಾಟ ಆಕೆಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಕೋದಂಡಪ್ಪ ಬೆಂಗಳೂರಿನ ಡಾಕ್ಟರೊಬ್ಬರಿಂದ ಹಳೆಯ ಫಾರಿನ್ ಕಾರೊಂದನ್ನು ಕೊಂಡುತಂದರು. ಒಂದು ಕಾಲಕ್ಕೆ ಸಾಹುಕಾರರ ಗಾಡಿ. ಬಣ್ಣ ಮಾಸಿದ್ದರೂ ಹಿಂದಿನ ಸೀಟು ಹಾಸಿಗೆಯ ಹಾಗಿತ್ತು. ಕನಕಮ್ಮ ಅದರಲ್ಲಿ ಕಾಲು ಮಡಚಿ ಮಲಗಿದರೆ ಮನೆ ಬರುವವರೆಗೂ ಏಳುತ್ತಿರಲಿಲ್ಲ.

ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ದಿನ ದೀಪಗಳು ಹತ್ತಿಕೊಂಡವು. ಬ್ರೇಕಿನ, ಏರ್‌ಬ್ಯಾಗಿನ ಹಳದಿ ದೀಪಗಳು, ಜೊತೆಗೆ ಬ್ಯಾಟರಿ ಚಿತ್ರದ ಕೆಂಪು ದೀಪ. ಕಾಂತರಾಜ್ ಸ್ಕ್ಯಾನರ್ ಹಚ್ಚಿದ. ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ಸಾಲಾಗಿ ಬಂದವು. ಬ್ಯಾಟರಿ ಬದಲಿಸಿದ, ಫ್ಯೂಸುಗಳನ್ನು ನೋಡಿದ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿ ಮತ್ತೆ ಕೂರಿಸಿದ. ಸ್ಕ್ಯಾನರಿನಲ್ಲಿ ಅಳಿಸಿದ ಮೇಲೆ ಹಳದಿ ದೀಪಗಳು ಆರಿದವು. ಕೆಂಪು ದೀಪ ಮಾತ್ರ ಪೂರ್ತಿ ಹತ್ತದೆ, ಪೂರ್ತಿ ಆರದೆ ಮಂಕಾಗಿ ಉರಿಯುತ್ತಲೇ ಇತ್ತು.

ಕೋದಂಡಪ್ಪ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಹೇಳುತ್ತಿದ್ದರು: "ಬೆಂಗಳೂರಾಗೆ ಲ್ಯಾಪ್‌ಟಾಪ್ ಇಟ್ಕೊಂಡೋರ್ಗೂ ಗೊತ್ತಾಗಕಿಲ್ಲ ಕಣ್ರಿ. ನಮ್ ಕಾಂತರಾಜು ನೋಡೇಬಿಡ್ತಾನೆ."

ಕಾಂತರಾಜ್‌ಗೆ ಏನೂ ತೋಚುತ್ತಿರಲಿಲ್ಲ. ಕೋದಂಡಪ್ಪ ಟೀ ಕುಡಿಯಲು ಎದುರಿಗೆ ಹೋದಾಗ ಅವನು ಡ್ಯಾಶ್‌ಬೋರ್ಡಿನ ಮೀಟರಿನ ಡಬ್ಬಿ ಬಿಚ್ಚಿ, ಆ ಕೆಂಪು ದೀಪದ ಬಲ್ಬನ್ನೇ ತೆಗೆದುಬಿಟ್ಟ. ಅವರು ಬಂದಾಗ ಡ್ಯಾಶ್‌ಬೋರ್ಡು ಕತ್ತಲಾಗಿತ್ತು.

"ಮುಗೀತು ಸಾರ್" ಅಂದ. ಅವರು ಅವನ ಬೆನ್ನು ತಟ್ಟಿದರು.

ಸ್ವಲ್ಪ ದಿನ ಗಾಡಿ ಓಡಿತು. ಆಮೇಲೊಂದು ಬೆಳಿಗ್ಗೆ ಫೋನು ಬಂತು. ಬಂಗಾರಪೇಟೆ ದಾಟಿ ಕೋಲಾರದ ರಸ್ತೆಯಲ್ಲಿ ಕಾರು ಸತ್ತು ನಿಂತಿತ್ತು. ಕಾಂತರಾಜ್ ಬೈಕಿಗೆ ಬ್ಯಾಟರಿ ಕಟ್ಟಿಕೊಂಡು ಹೋದ. ಮೋರಿಯ ಕಟ್ಟೆ ಮೇಲೆ ಸೆರಗು ತಲೆಗೆ ಹೊದ್ದು ಕನಕಮ್ಮ ಕೂತಿದ್ದರು. ಮುಖ ಊದಿತ್ತು, ಉಸಿರು ಸಣ್ಣಗೆ ಎಳೆಯುತ್ತಿತ್ತು. ಕೋದಂಡಪ್ಪ ಹಾದುಹೋಗುವ ಆಟೊಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ತಂದ ಬ್ಯಾಟರಿ ಹಾಕಿ ಗಾಡಿ ಸ್ಟಾರ್ಟ್ ಮಾಡಿ ಕಾಂತರಾಜ್ ಅದಕ್ಕೆ ಕರೆಂಟು ಅಳೆಯುವ ಮೀಟರ್ ಹಿಡಿದ. ಚಾರ್ಜ್ ಆಗುತ್ತಲೇ ಇರಲಿಲ್ಲ. ಆ ಹಳೆಯ ಕಾರಿನಲ್ಲಿ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಕರೆಂಟು ಆ ಪುಟ್ಟ ಬಲ್ಬಿನ ಮೂಲಕವೇ ಹೋಗಬೇಕು. ಅದಿಲ್ಲದಿದ್ದರೆ ಆಲ್ಟರ್ನೇಟರ್ ಒಂದು ದಿನ ತಾನಾಗಿ ಎದ್ದರೆ ಇನ್ನೊಂದು ದಿನ ಏಳುವುದಿಲ್ಲ. ಅವನು ಆರಿಸಿದ್ದು ಬರೀ ಎಚ್ಚರಿಕೆಯ ದೀಪವನ್ನಲ್ಲ.

"ಏನಾಗೈತಪ್ಪಾ?" ಕೋದಂಡಪ್ಪ ಕೇಳಿದರು.

"ರಾತ್ರಿ ಪಾರ್ಕಿಂಗ್ ಲೈಟ್ ಆನ್ ಬಿಟ್ಬಿಟ್ಟಿದ್ರೇನೋ ಸಾರ್. ಬ್ಯಾಟ್ರಿ ಇಳಿದೋಗೈತೆ."

ಆ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಕೋದಂಡಪ್ಪ ಸ್ವಿಚ್ಚಿನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. "ನಾನಾ? ಆರ್ಸಿದ್ ನೆಪ್ಪೈತಲ್ಲ..." ಅಂದರು. ಕಾರನ್ನು ನಂಬುವ ಧೈರ್ಯವಿಲ್ಲದೆ ದಂಪತಿ ಸಿಕ್ಕ ಆಟೊದಲ್ಲೇ ಕೋಲಾರಕ್ಕೆ ಹೋದರು. ಕಾಂತರಾಜ್ ಹೊಸ ಬ್ಯಾಟರಿಯ ಬಲದಲ್ಲೇ ಕಾರನ್ನು ಅವರ ಮನೆಗೆ ತಂದು ಬಿಟ್ಟ; ಬಲ್ಬ್ ಹಾಕಿದರೆ ಕೆಂಪು ದೀಪ ಮತ್ತೆ ಹತ್ತುತ್ತದೆಂದು ಅದನ್ನು ಹಾಕಲಿಲ್ಲ.

ಮುಂದಿನ ವಾರ ಕನಕಮ್ಮ ಆಟೊದಲ್ಲೇ ಹೋಗುವುದನ್ನು ಅವನು ಅಂಗಡಿಯಿಂದ ಕಂಡ. ಸಂಜೆ ಕೋದಂಡಪ್ಪ ನಡೆದುಕೊಂಡು ಬಂದರು. ಬೆಂಚಿನ ಮೇಲೆ ಕೂರಲಿಲ್ಲ.

"ಕಾಂತರಾಜು, ಆ ಗಾಡಿಗೆ ಒಂದ್ ಗಿರಾಕಿ ನೋಡಪ್ಪ. ನಾನಿನ್ನ ಓಡ್ಸಕಿಲ್ಲ."

"ಯಾಕ್ ಸಾರ್?"

"ಮರೆವು ಶುರುವಾಗೈತೆ. ನಮ್ಮಪ್ಪಂಗೂ ಇಂಗೇ, ಸಣ್ಣ ಸಣ್ಣದ್ರಾಗೆ ಶುರುವಾಗಿದ್ದು. ಕೊನೇಗೆ ನನ್ ಎಸ್ರೇ ಮರ್ತೋಗಿದ್ರು. ಲೈಟ್ ಆನ್ ಬಿಟ್ಟೋನು ನಾಳೆ ಬ್ರೇಕು ಮರೀತೀನಿ. ಅವ್ಳನ್ನ ಇಂದಿನ್ ಸೀಟಾಗೆ ಮಲಗಿಸ್ಕೊಂಡು ಎಂಗ್ ಓಡ್ಸಲಿ?"

ಅಂಗಡಿಯಲ್ಲಿ ಆಟೊದವರಿದ್ದರು. ಕಾಂತರಾಜ್ ಸ್ಪ್ಯಾನರ್ ಒರೆಸುತ್ತ "ನೋಡಣ ಸಾರ್" ಎಂದಷ್ಟೇ ಅಂದ. ಮನೆಯಲ್ಲಿ ತಟ್ಟೆಯ ಅನ್ನ ಹಾಗೇ ಬಿಟ್ಟ. ಹೆಂಡತಿ ಆಶಾರಾಣಿ ಮೈ ಬಿಸಿಯಿದೆಯಾ ಎಂದು ಹಣೆ ಮುಟ್ಟಿದಾಗ ಆ ಕೈಯನ್ನು ಸರಿಸಿ ಎದ್ದುಬಿಟ್ಟ. ಯಾರಾದರೂ ಪ್ರೀತಿಯಿಂದ ನೋಡಿದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕೋದಂಡಪ್ಪನವರ ಮನೆಗೆ ಹೋದ. ಕನಕಮ್ಮ ಒಳಗೆ ಕರೆದರೂ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

"ಸಾರ್, ನೀವು ಲೈಟ್ ಆನ್ ಬಿಟ್ಟಿರ್ಲಿಲ್ಲ. ನಾನು ಸುಳ್ಳೇಳ್ದೆ." ಬಲ್ಬ್ ತೆಗೆದದ್ದನ್ನು ಹೇಳಿದ, ಅದರಿಂದಲೇ ಗಾಡಿ ನಿಂತದ್ದನ್ನು ಹೇಳಿದ. "ದೀಪ ಯಾಕ್ ಉರೀತಿತ್ತು ಅಂತ ನಂಗೆ ಗೊತ್ತಾಗ್ಲಿಲ್ಲ ಸಾರ್. ಇವತ್ತಿಗೂ ಗೊತ್ತಿಲ್ಲ."

ಕೋದಂಡಪ್ಪ ಬೈಯುತ್ತಾರೆ ಅಂದುಕೊಂಡಿದ್ದ. ಅವರು ಬೈಯಲಿಲ್ಲ. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಾನು ಆರ್ಸಿದ್ದೆ ಕಣೇ. ಏಳ್ಲಿಲ್ವಾ ನಿಂಗೆ?"

ಬೈದದ್ದು ಕನಕಮ್ಮ. "ನಾನು ಬಿಸ್ಲಾಗೆ ಕೂತಿದ್ದು ಓಗ್ಲಿ ಬಿಡಪ್ಪ, ನಂಗೆ ಅಭ್ಯಾಸ. ಇವ್ರು ಬೀಗ ಆಕಿದ್ ಬಾಗ್ಲು ಮತ್ತೆ ಮತ್ತೆ ನೋಡ್ತಾರೆ, ಸ್ಟವ್ ಮುಟ್ಟಿ ಮುಟ್ಟಿ ನೋಡ್ತಾರೆ. ಮೊಮ್ಮಕ್ಳ್ ಎಸ್ರು ಬಾಯಿಪಾಠ ಮಾಡ್ಕೊಂತಾರೆ. ಒಂದ್ ಮಾತಾಗೆ ಮನುಸ್ನನ್ನ ಇಂಗ್ ಮಾಡ್ಬಿಟ್ಯಲ್ಲೋ!"

ಕಾಂತರಾಜ್ ಜೇಬಿನಿಂದ ಆ ಬಲ್ಬನ್ನು ತೆಗೆದು ಅಂಗೈಯಲ್ಲಿ ತೋರಿಸಿದ.

"ಗಾಡಿ ಇನ್ನ ನೀನು ಮುಟ್ಬೇಡ" ಅಂದರು ಕೋದಂಡಪ್ಪ. "ಬಂಗಾರಪೇಟೆ ಮುನಿಸ್ವಾಮಪ್ಪನತ್ರ ತಗೊಂಡೋಗ್ತೀನಿ."

"ನಾನೂ ಬತ್ತೀನಿ ಸಾರ್. ಏನೇನ್ ಬಿಚ್ಚಿದೀನಿ ಅಂತ ಅವ್ರಿಗೆ ಗೊತ್ತಾಗ್ಬೇಕು."

ಮುನಿಸ್ವಾಮಪ್ಪ ಆ ಕಸುಬಿನ ಹಿರಿಯರು. ಅವರ ಶೆಡ್ಡಿನಲ್ಲಿ, ಗುರುತಿನ ಮೆಕ್ಯಾನಿಕ್‌ಗಳ ಎದುರಿಗೇ, ಕಾಂತರಾಜ್ ತಾನು ಮಾಡಿದ್ದನ್ನೆಲ್ಲ ಹೇಳಿ ಬಲ್ಬನ್ನು ಅವರ ಕೈಗಿಟ್ಟ. ಯಾರೋ ನಕ್ಕರು. ಮುನಿಸ್ವಾಮಪ್ಪ ನಗಲಿಲ್ಲ. ಬಲ್ಬ್ ಕೂರಿಸಿ, ಗಾಡಿ ಸ್ಟಾರ್ಟ್ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಬಾಡಿಗೂ ಹಿಡಿದರು. ಎರಡೂ ಸರಿಯಾಗಿ ಸೇರಿದ್ದರೆ ಮುಳ್ಳು ಅಲ್ಲಾಡಬಾರದಿತ್ತು, ಅಲ್ಲಾಡಿತು. ಇಂಜಿನ್ನಿನ ಕೆಳಗೆ ಅದನ್ನು ಬಾಡಿಗೆ ಸೇರಿಸುವ ಅರ್ತ್ ಪಟ್ಟಿ ಹಸಿರು ಕಿಲುಬು ಹಿಡಿದು ಕೆಲವೇ ಎಳೆಗಳಲ್ಲಿ ನೇತಾಡುತ್ತಿತ್ತು. ಕರೆಂಟು ವಾಪಸು ಬರಲು ದಾರಿಯಿಲ್ಲದೆ ಒಂದೊಂದು ಯಂತ್ರವೂ ತನಗೆ ತೋಚಿದ ದೀಪ ಹಚ್ಚಿತ್ತು. ಹೊಸ ಪಟ್ಟಿ ಬಿಗಿದ ಮೇಲೆ ಕೆಂಪು ದೀಪ ಒಮ್ಮೆ ಹತ್ತಿ, ಇಂಜಿನ್ ಎದ್ದೊಡನೆ ಪೂರ್ತಿ ಆರಿತು.

"ನನ್ನ ಕೇಳಿದ್ರೆ ಏಳ್ಕೊಡ್ತಿರ್ಲಿಲ್ವೇನ್ಲಾ?" ಅಂದರು ಮುನಿಸ್ವಾಮಪ್ಪ.

ಕೋದಂಡಪ್ಪ ಮತ್ತೆ ಕಾರು ಓಡಿಸುತ್ತಾರೆ. ಆಸ್ಪತ್ರೆಗೆ ಹೋಗುವ ದಿನ ಗಾಡಿ ಕಾಂತರಾಜನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಕನಕಮ್ಮ ಒಮ್ಮೊಮ್ಮೆ ಹಿಂದಿನ ಕಿಟಕಿಯಿಂದ ಅವನ ಅಂಗಡಿಯ ಕಡೆ ಕೈ ಬೀಸುತ್ತಾರಂತೆ. ಎದುರಿನ ಟೀ ಅಂಗಡಿಯವನು ಹೇಳಿದ್ದು. ಕಾಂತರಾಜ್ ನೋಡಿಲ್ಲ. ಆ ಇಂಜಿನ್ನಿನ ಸದ್ದು ಅವನಿಗೆ ದೂರದಿಂದಲೇ ಗೊತ್ತಾಗುತ್ತದೆ. ಆಗ ಅವನು ಕೈಗೆ ಸಿಕ್ಕ ಗಾಡಿಯ ಬಾನೆಟ್ಟಿನೊಳಗೆ ತಲೆ ಬಗ್ಗಿಸುತ್ತಾನೆ.