ಬೇರೆ ಮನೆಯ ಹಾರ್ಡ್‌ಡಿಸ್ಕು

ಮದ್ದೂರಿನ ಆ ಫೋಟೊದವರು ಸ್ಟುಡಿಯೊ ಮುಚ್ಚಿದರೂ ಊರವರ ಮದುವೆ ಫೋಟೊಗಳನ್ನು ಅಳಿಸಲಿಲ್ಲ. ಒಬ್ಬರೇ ಇದ್ದ ಮನೆಯಲ್ಲಿ ಅವಕ್ಕೆಂದೇ ಸರ್ವರ್ ಇಟ್ಟುಕೊಂಡಿದ್ದರು. ಜಾಗ ತುಂಬಿದಾಗಲೆಲ್ಲ ಅದಕ್ಕೊಂದು ಹೊಸ ಹಾರ್ಡ್‌ಡಿಸ್ಕು ಸೇರುತ್ತಿತ್ತು.

"ಒಂದೇ ಇದ್ರೆ ಇಲ್ದಂಗೇಯ ಕಣವ್ವ," ಎನ್ನುವುದು ಅವರ ಮಾತು. ಬೆಂಕಿ ಬಿದ್ದರೂ ಕಳ್ಳ ನುಗ್ಗಿದರೂ ಉಳಿಯಲೆಂದು ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಬೇಕಂತೆ. ಅವರಿಗೆ ಸಿಕ್ಕ ಬೇರೆ ಮನೆ ಮಳವಳ್ಳಿಯ ನಮ್ಮದು. ನನ್ನ ಮದುವೆಯ ಫೋಟೊ ತೆಗೆದಿದ್ದರು, ಅಷ್ಟೇ ಪರಿಚಯ.

ತಿಂಗಳಿಗೊಮ್ಮೆ ಡಿಸ್ಕುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ವರ್ಷದಿಂದ ವರ್ಷಕ್ಕೆ ಆ ಗಂಟು ದಪ್ಪವಾಯಿತು. ನಮ್ಮ ಬೀರುವಿನಲ್ಲಿದ್ದ ಹಳೆಯವನ್ನು ತೆಗೆದು ಹೊಸವನ್ನಿಟ್ಟು, ಕಾಫಿ ಕುಡಿದು, ಹೊತ್ತು ಮುಳುಗುವವರೆಗೂ ಕೂರುತ್ತಿದ್ದರು.

ಒಮ್ಮೆ ನಾನೇ ಕೇಳಿದೆ: "ಈಗೆಲ್ಲ ನೆಟ್ಟಲ್ಲೇ ಕಳಿಸಬಹುದಂತಲ್ಲ, ಇಷ್ಟು ದೂರ ಯಾಕಣ್ಣ ಒದ್ದಾಡ್ತೀರಿ?"

ಲೋಟ ಕೆಳಗಿಟ್ಟರು. "ಗೊತ್ತು ಕಣವ್ವ. ಅಂಗ್ ಮಾಡುದ್ರೆ ನಾನು ಬರೋದೇ ಬ್ಯಾಡ್ವಲ್ಲ."

"ಅಯ್ಯೋ, ನಮ್ಮ ಬೀದೀಲಿ ನೆಟ್ಟೆಲ್ಲಿ ಸಿಗುತ್ತೆ!" ಎಂದುಬಿಟ್ಟೆ.

ಒಳಕೋಣೆಯಲ್ಲಿ ನನ್ನವರು ವಿಡಿಯೊ ಕಾಲಿನಲ್ಲಿ ಯಾರೊಂದಿಗೋ ಜೋರಾಗಿ ನಗುತ್ತಿದ್ದರು. ಅದು ಕೇಳಿಸಲೇ ಇಲ್ಲವೆಂಬಂತೆ ಫೋಟೊದವರು ಟವೆಲನ್ನು ನಿಧಾನವಾಗಿ ಮಡಿಸಿದರು.

"ಊ ಕಣವ್ವ, ಇಲ್ಲಿ ಸಿಗಾಕಿಲ್ಲ ಬುಡು."