ಎಂಜಿನ್ನಿಗೂ ಒಂದು ಲಸಿಕೆ ಕಾರ್ಡು

ನಮ್ಮ ಅವ್ವನ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಹಾಳು ಮಾಡಿದವರು ನೀವು. ವಾಡಿಯಿಂದ ಒಳಹಳ್ಳಿಗಳಿಗೆ ಹೋಗುವ ರಸ್ತೆಯನ್ನು ಅಗೆದು, ಅದರ ಮೇಲೆ ಕಲ್ಲುಪುಡಿ ಹರಡಿ, ಡಾಂಬರು ಹಾಕದೆ ಹೊರಟುಹೋದ ಗುತ್ತಿಗೆದಾರರು ನೀವು. ಆ ಕೆಲಸ ಮುಗಿದಿದೆ ಎಂದು ಸಹಿ ಹಾಕಿದ ಅಧಿಕಾರಿಗಳು ನೀವು. ಸುಣ್ಣದ ಕಲ್ಲು ತುಂಬಿದ ಲಾರಿಗಳಿಗೆ ತಾಡಪತ್ರಿ ಹೊದಿಸದೆ ಅದೇ ರಸ್ತೆಯಲ್ಲಿ ಓಡಿಸುವ ಮಾಲೀಕರು ನೀವು. ಇಲ್ಲಿ ಹೆಸರುಗಳನ್ನು ಬರೆಯುವುದಿಲ್ಲ. ಓದುವಾಗ ಯಾರು ಯಾರೆಂದು ನಿಮಗೇ ತಿಳಿಯುತ್ತದೆ.

ಆರೋಪ ಹೊರಿಸುವವರು ಸಾಕ್ಷ್ಯವನ್ನೂ ಒದಗಿಸಬೇಕು. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತ ಓದಿ ನಾನು ಕಲಿತದ್ದರಲ್ಲಿ ಬಳಕೆಗೆ ಬಂದದ್ದು ಇದೊಂದೇ. ನನ್ನ ಸಾಕ್ಷ್ಯವೆಲ್ಲ ವಾಡಿಯ ನಮ್ಮ ಮನೆಯ ಬಗಲಿನ ತಗಡಿನ ಶೆಡ್ಡಿನಲ್ಲಿ, ಹಳೆಯ ಚಾದರದ ಮೇಲೆ, ಬಿಚ್ಚಿ ಹರಡಿತ್ತು.

ಅವ್ವ ಆರೋಗ್ಯ ಉಪಕೇಂದ್ರದ ಸಿಸ್ಟರ್. ಗುರುವಾರ ಲಸಿಕೆಯ ದಿನ. ಬೆಳಿಗ್ಗೆ ಆಸ್ಪತ್ರೆಯಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಲಸಿಕೆ ತುಂಬಿಕೊಂಡು, ಬಸ್ಸು ಹೋಗದ ಒಂದು ಲಂಬಾಣಿ ತಾಂಡಾಕ್ಕೆ ಅವಳೇ ಗಾಡಿ ಹೊಡೆದುಕೊಂಡು ಹೋಗುತ್ತಾಳೆ. ಜೊತೆಯ ಸಿಸ್ಟರುಗಳೆಲ್ಲ ಸ್ಕೂಟಿ ಕೊಂಡಾಗ ಇವಳು ಗೇರಿನ ಗಾಡಿ ಕೊಂಡಳು. ಸ್ಕೂಟಿಯ ಸಣ್ಣ ಗಾಲಿ ಆ ಹಾದಿಯ ಪುಡಿಯಲ್ಲಿ ಹೂತುಹೋಗುತ್ತದೆ ಎಂಬುದು ಅವಳ ವಾದವಾಗಿತ್ತು. ಸೀರೆಯ ಮೇಲೆ ಬಿಳಿ ಕೋಟು ತೊಟ್ಟು ಅವಳು ಕಿಕ್ ಹೊಡೆಯುವುದನ್ನು ನೋಡಲು ಮೊದಮೊದಲು ಓಣಿಯೇ ನಿಲ್ಲುತ್ತಿತ್ತು. ಈಗ ಎಮ್ಮೆಗಳೂ ತಿರುಗಿ ನೋಡುವುದಿಲ್ಲ.

ಕೆಲವು ವಾರಗಳಿಂದ ಹೊಗೆ ಕಾರುತ್ತಿದ್ದ ಆ ಗಾಡಿ ಒಂದು ಗುರುವಾರ ತಾಂಡಾದ ತಿರುವಿನಲ್ಲಿ ಗಕ್ಕನೆ ನಿಂತಿತು. ಕಿಕ್ ಕೆಳಗೆ ಇಳಿಯಲೇ ಇಲ್ಲ. ಸುದ್ದಿ ತಿಳಿದ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ತಿರುವಿಗೇ ಬಂದರು. ಅವ್ವ ಬೇವಿನ ಮರದ ಕೆಳಗೆ ಲಸಿಕೆ ಹಾಕಿದಳು. ಗಾಡಿ ಒಂದು ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ಮನೆಗೆ ಬಂತು.

ಮರುದಿನ ಆಸ್ಪತ್ರೆಯಿಂದ ಫೋನು ಬಂತು. ಮುಂದಿನ ಗುರುವಾರದೊಳಗೆ ಗಾಡಿಯ ವ್ಯವಸ್ಥೆ ಆಗದಿದ್ದರೆ ತಾಂಡಾದ ಲಸಿಕೆ ದಿನವನ್ನು ದೊಡ್ಡ ಊರಿನ ಜೊತೆ ಸೇರಿಸುತ್ತಾರಂತೆ. ತಾಯಂದಿರು ಅಲ್ಲಿಗೇ ನಡೆದು ಬರಬೇಕಂತೆ.

"ಎಳೇ ಕೂಸು ಎತ್ಕೊಂಡು ಆ ಧೂಳಿನ್ಯಾಗ ಯಾರು ನಡೀತಾರ?" ಎಂದಳು ಅವ್ವ. "ಒಂದು ಸಲ ತಪ್ಪಿಸಿದವರು ಮತ್ತ ಬರಂಗಿಲ್ಲ."

"ಯಾರದಾರ ಗಾಡಿ ಕೇಳಿ ತಗೊಂಡು ಹೋಗವ್ವ."

"ಯಾವ ಹಾದಿಗಿ ಅಂತ ಕೇಳ್ತಾರ. ಹೇಳಿದ ಕೂಡ್ಲೆ ಎಲ್ಲಾರ ಗಾಡೀನೂ ಪಂಕ್ಚರ್ ಆಗ್ತಾವ."

ಊರಿನ ಮೆಕ್ಯಾನಿಕ್ ತನ್ನ ಅಂಗಡಿಯ ಮುಂದೆ ಸಾಲಾಗಿ ನಿಂತ ಗಾಡಿಗಳತ್ತ ಕೈ ತೋರಿಸಿ, "ಹತ್ತು ದಿನ ಹಿಡೀತದ್ರಿ ಸಿಸ್ಟರ್, ಎಲ್ಲಾವೂ ನಿಮ್ಮ ಗಾಡಿ ರೋಗಾನೇ" ಎಂದ. ನಮಗಿದ್ದದ್ದು ಆರು ದಿನ. ಹೀಗಾಗಿ ನಾನು ಎದುರು ಮನೆಯ ಚಾಚಾನ ಬಾಗಿಲು ತಟ್ಟಿದೆ.

ಚಾಚಾ ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಹದಿನೈದು ದಿನದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿದ್ದರು. ನಮ್ಮ ತಗಡಿನ ಶೆಡ್ಡಿಗೆ ಬಂದು, ಕುರ್ಚಿ ಹಾಕಿಸಿಕೊಂಡು ಕುಳಿತರು.

"ಬಗ್ಗಬ್ಯಾಡ್ರಿ, ಧೂಳಿಗೆ ಹೋಗಬ್ಯಾಡ್ರಿ ಅಂತ ನಿಮ್ಮವ್ವನೇ ಹೇಳ್ಯಾಳ. ಹಂಗಾದ್ರ ಹಿಂಗ ಮಾಡೋಣ ಬೇಟಿ. ಕೈ ನಿಂದು, ಬಾಯಿ ನಂದು."

"ನಾ ನಟ್ಟು ಬಿಚ್ಚೋ ಪಾನಾ ಹಿಡಿದವಳೇ ಅಲ್ಲ ಚಾಚಾ."

"ಎಂಎ ಮಾಡೀ ಇಲ್ಲೋ? ಬಿಚ್ಚೋದು ಕಲಿತಿರ್ತಿ. ಕೂಡ್ಸೋದು ನಾ ಕಲಸ್ತೀನಿ."

ಶುಕ್ರವಾರ, ಶನಿವಾರ ಬಿಚ್ಚಿದೆವು. ಸೈಲೆನ್ಸರು, ಕಾರ್ಬುರೇಟರು, ಹೆಡ್ಡು, ಕೊನೆಗೆ ಸಿಲಿಂಡರು. ಪ್ರತಿ ಬೋಲ್ಟನ್ನೂ ಅವ್ವ ಮಾತ್ರೆ ಕೊಡುವ ಕಾಗದದ ಲಕೋಟೆಗೆ ಹಾಕಿ, ಮೇಲೆ ಹೆಸರು ಬರೆದಳು. ಆ ಲಕೋಟೆಗಳ ಮೇಲೆ 'ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ' ಎಂದು ಮೊದಲೇ ಅಚ್ಚಾಗಿರುತ್ತದೆ. ಹೆಡ್ಡಿನ ನಟ್ಟುಗಳು ಬೆಳಿಗ್ಗೆಯ ಪಾಲಿಗೆ ಬಂದವು. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಅಚ್ಚು ತಪ್ಪಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಲಸಿಕೆ ಕಾರ್ಡನ್ನು ತೆಗೆದು, ಕೂಸಿನ ಹೆಸರಿನ ಮುಂದೆ 'ಗಾಡಿ' ಎಂದು ಬರೆದು, ಯಾವ ದಿನ ಯಾವ ಭಾಗ ಬಿಚ್ಚಿದ್ದು ಎಂದು ದಾಖಲಿಸತೊಡಗಿದಳು. ದಾಖಲೆಯಿಲ್ಲದೆ ಅವಳು ಯಾರ ಮೈಯನ್ನೂ ಮುಟ್ಟುವುದಿಲ್ಲ.

ಸಿಲಿಂಡರಿನ ಒಳಮೈ ಬೆರಳಿಗೆ ಗರಗರ ತಾಗಿತು. ಪಿಸ್ಟನ್ನಿನ ಮೈತುಂಬ ಬೆಕ್ಕು ಪರಚಿದಂತಹ ಗೀರುಗಳು. ಗೀರುಗಳಲ್ಲಿ ಆಯಿಲ್ಲಿನ ಜೊತೆ ಕಲಸಿಕೊಂಡ ಬೂದು ಬಣ್ಣದ ರಾಡಿ. ನನಗೆ ನಿಧಿ ಸಿಕ್ಕಷ್ಟು ಸಂತೋಷವಾಯಿತು. ಅದು ನಮ್ಮ ರಸ್ತೆಯೇ. ಅರೆದು, ಎಣ್ಣೆಯಲ್ಲಿ ಕಲಸಿ, ಎಂಜಿನ್ನಿನೊಳಗೆ ಸಾರಿಸಿದ ರಸ್ತೆ. ಎಣ್ಣೆಗೈಯಲ್ಲೇ ಕಾಗದ ಎಳೆದುಕೊಂಡು 'ಮಾನ್ಯರೇ' ಎಂದು ಬರೆದುಬಿಟ್ಟೆ.

"ಅರ್ಜಿ ಆಮ್ಯಾಗ ಬರಿ," ಎಂದರು ಚಾಚಾ. "ಮೊದಲ ಏರ್ ಫಿಲ್ಟರ್ ಡಬ್ಬಿ ಬಿಚ್ಚು. ಧೂಳು ಒಳಗ ಹ್ಯಾಂಗ ಬಂತು ನೋಡೋಣ. ಅದನ್ನ ತಡೀಲಿಕ್ಕೇ ಅಲ್ಲೊಬ್ಬ ಪಹರೆದವ ಇರ್ತಾನ."

ಬಿಚ್ಚಿದೆ. ಪಹರೆಯವನಿರಲಿಲ್ಲ. ಫಿಲ್ಟರ್ ಇರಬೇಕಾದ ಜಾಗದಲ್ಲಿ, ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆ ನಾಲ್ಕು ಪದರಾಗಿ ಮಡಚಿಕೊಂಡು, ಅಂಚಿಗೆ ಚಂದದ ಗಂಟು ಹಾಕಿಸಿಕೊಂಡು ಕುಳಿತಿತ್ತು. ನಾನು ಚಿಕ್ಕವಳಿದ್ದಾಗ ಮೊಣಕಾಲು ಒಡೆದುಕೊಂಡಾಗಲೆಲ್ಲ ಕಂಡ ಗಂಟು ಅದು. ಆ ಗಂಟು ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ.

ಅವ್ವ ಕಾರ್ಡಿನಿಂದ ತಲೆ ಎತ್ತಲಿಲ್ಲ.

"ಫಿಲ್ಟರ್ ಮುಚ್ಚಿಹೋಗಿತ್ತು," ಎಂದಳು. "ಗಾಡಿಗಿ ಉಸಿರು ಕಟ್ಟಾಕತ್ತಿತ್ತು. ಹೊಸಾದು ಸಿಗೋತನಕ ಅಂತ ಕಟ್ಟಿದ್ದೆ. ಸ್ವಚ್ಛ ಬಟ್ಟಿ ಅದು, ಸೀಲ್ ಒಡದು ಹಾಕೀನಿ."

ಚಾಚಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ತಡೆದುಕೊಂಡಿದ್ದ ನಗು ಕಡೆಗೂ ಹೊರಬಂತು. "ಸಿಸ್ಟರ್‌ಬಾಯಿ, ಕಲ್ಲಿನ ಪುಡಿ ಅಂದ್ರ ಜೋಳದ ಹಿಟ್ಟಿಗಿಂತ ಸಣ್ಣದು. ನೀವು ಜರಡಿ ಕಟ್ಟೀರಿ. ಎಂಜಿನ್ ಪಾಪ, ಹಿಟ್ಟು ಉಂಡದ."

ನನಗೆ ನಗು ಬರಲಿಲ್ಲ. ನನ್ನ ಪ್ರಕರಣ ಕಣ್ಣೆದುರಿಗೇ ಕುಸಿಯುತ್ತಿತ್ತು. "ಇದನ್ನ ಅರ್ಜಿಯೊಳಗ ಬರಿಯಂಗಿಲ್ಲ," ಎಂದೆ. "ಇದು ಅವರಿಗಿ ಗೊತ್ತಾದ್ರ, ತಪ್ಪೆಲ್ಲಾ ನಿನ್ನ ತಲಿಗಿ ಕಟ್ಟಿ ಕೈ ತೊಳ್ಕೋತಾರ. ಬಟ್ಟಿ ಒಲಿಗಿ ಹಾಕೋಣ."

ಅವ್ವ ಆಗ ತಲೆ ಎತ್ತಿದಳು. "ಲಸಿಕಿ ಹಾಕಿದ ಮ್ಯಾಲ ಕೂಸಿಗಿ ಜ್ವರ ಬಂದ್ರ ಏನು ಮಾಡ್ತೀನಿ ಗೊತ್ತದೇನು? ಏನು ಹಾಕ್ದೆ, ಎಷ್ಟಕ್ಕ ಹಾಕ್ದೆ, ಮೊದಲ ನನ್ನ ಹೆಸರಿನ ಮುಂದ ಬರೀತೀನಿ. ಅದು ಬರದ ಮ್ಯಾಲೇ, ಊರಾಗ ಯಾಕ ಹೊಲಸು ನೀರು ಬಿಟ್ಟೀರಿ ಅಂತ ಪಂಚಾಯ್ತಿಯವರಿಗಿ ಕೇಳ್ತೀನಿ. ನಂದು ಮುಚ್ಚಿಟ್ಟು ಅವರದು ಕೇಳಿದ್ರ ನಂಗ ನಾಲಿಗಿ ಹೊಳ್ಳಂಗಿಲ್ಲ."

ಹಾಗೆಂದು ಕಾರ್ಡಿನ ಕೆಳಭಾಗದಲ್ಲಿ 'ಕಾರಣ' ಎಂದು ಬರೆದು ಮೂರು ಸಾಲು ಎಳೆದಳು. ಮೊದಲ ಸಾಲಿನಲ್ಲಿ: ಫಿಲ್ಟರ್ ತೆಗೆದು ಬ್ಯಾಂಡೇಜ್ ಬಟ್ಟೆ ಕಟ್ಟಿದ್ದು. ಮುಂದೆ ದುಂಡಗಿನ ಅಕ್ಷರದಲ್ಲಿ ತನ್ನ ಸಹಿ. ಎರಡನೆಯದರಲ್ಲಿ: ರಸ್ತೆಯ ಕಲ್ಲುಪುಡಿ. ಮೂರನೆಯದರಲ್ಲಿ: ತಾಡಪತ್ರಿಯಿಲ್ಲದ ಲಾರಿ. ಆ ಎರಡರ ಮುಂದೆ ಸಹಿಯ ಜಾಗ ಖಾಲಿ ಬಿಟ್ಟಳು. ಎರಡು ವರ್ಷ ಉತ್ತರದಾಯಿತ್ವದ ಬಗ್ಗೆ ಟಿಪ್ಪಣಿ ಬರೆದುಕೊಂಡವಳು ನಾನು. ಬಟ್ಟೆಯನ್ನು ಒಲೆಗೆ ಹಾಕಹೊರಟವಳೂ ನಾನೇ.

ಸೋಮವಾರ ಸಿಲಿಂಡರನ್ನು ಟವೆಲಿನಲ್ಲಿ ಸುತ್ತಿಕೊಂಡು, ಒಳಮೈಯ ಗೀರು ಕೊರೆಸಿ ತೆಗೆಸಲು ಸೇಡಂನ ಲೇತ್ ಅಂಗಡಿಗೆ ಪ್ಯಾಸೆಂಜರ್ ರೈಲು ಹತ್ತಿದೆ. ಚಿತ್ತಾಪುರದಲ್ಲಿ ಹತ್ತಿ ಎದುರಿಗೆ ಕುಳಿತ ಅಜ್ಜಿ ನನ್ನ ತೊಡೆಯ ಮೇಲಿನ ಗಂಟನ್ನು ಬಹಳ ಹೊತ್ತು ನೋಡಿದಳು.

"ಏನವ್ವಾ ಅದು, ಹಲಸಿನ ಹಣ್ಣೇನು?"

"ಎಂಜಿನ್ ಅದ ಆಯಿ."

"ಎಂಜಿನ್ ಮುಂದ ಕಟ್ಟ್ಯಾರಲ್ಲ, ನೀ ಯಾಕ ಹೊತ್ಕೊಂಡು ಹೊಂಟೀದಿ?"

ರೈಲಿನ ಡಬ್ಬಿಯೇ ನಕ್ಕಿತು. ಮಳಖೇಡ ದಾಟುವಷ್ಟರಲ್ಲಿ ನಾಲ್ಕು ಜನ ಟವೆಲು ಬಿಚ್ಚಿಸಿ ಒಳಗೆ ಬೆರಳಾಡಿಸಿ ನೋಡಿದ್ದರು. ಇಬ್ಬರು ಬೋರ್ ಮಾಡಿಸು ಎಂದರು, ಒಬ್ಬ ಮಾರಿಬಿಡು ಎಂದ. ಅಜ್ಜಿ ಮಾತ್ರ ಶುಭವಾರ ನೋಡಿ ಕೂಡಿಸು ಎಂದಳು.

ಸೇಡಂನಲ್ಲಿ ಲೇತ್ ನಡೆಸುವ ಟರ್ನರ್ ಸಿಲಿಂಡರಿನೊಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದ. "ವಾಡಿ ಕಡೆದು," ಎಂದ.

"ನಾ ಹೇಳೇ ಇಲ್ಲಲ್ಲ?"

"ಹೇಳೋದು ಯಾಕ ಬೇಕ್ರಿ." ಗೋಡೆಯ ಹಲಗೆಯ ಮೇಲೆ ಸಾಲಾಗಿದ್ದ ಸಿಲಿಂಡರುಗಳನ್ನು ತೋರಿಸಿದ. "ಕೆಂಪು ರಾಡಿ ಇದ್ರ ಚಿಂಚೋಳಿ ಕಡೆದು. ಕಪ್ಪ ಇದ್ರ ಗುಂಡಗುರ್ತಿ, ಮುಧೋಳ, ಹೊಲದ ಮಣ್ಣು. ಬೂದಿ ಬಣ್ಣ ಇದ್ರ ವಾಡಿ, ಶಹಾಬಾದ್. ಮಣ್ಣು ತಿಂದದ್ದು ತಡದು ಬರ್ತಾವ. ಕಲ್ಲು ತಿಂದದ್ದು ಜಲ್ದಿ ಬರ್ತಾವ."

ಹಲಗೆಯ ಮೇಲೆ ಬೂದುಬಣ್ಣದವೇ ಹೆಚ್ಚಿದ್ದವು. ಆ ಎಲ್ಲ ಗಾಡಿಗಳಿಗೂ ನಮ್ಮ ಅವ್ವ ಬ್ಯಾಂಡೇಜ್ ಕಟ್ಟಿರಲಿಲ್ಲ. ಟರ್ನರ್ ಸಿಲಿಂಡರನ್ನು ಒಂದು ಸೈಜು ದೊಡ್ಡದಾಗಿ ಬೋರ್ ಮಾಡಿ, ಅದಕ್ಕೆ ಹೊಂದುವ ಹೊಸ ಪಿಸ್ಟನ್ ಕೊಟ್ಟ. ಪಕ್ಕದ ಅಂಗಡಿಯಲ್ಲಿ ಹೊಸ ಏರ್ ಫಿಲ್ಟರೂ ಸಿಕ್ಕಿತು. ಸಿಲಿಂಡರಿನ ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಬರುವಾಗ ಟವೆಲನ್ನು ಯಾರಿಗೂ ಬಿಚ್ಚಲು ಬಿಡಲಿಲ್ಲ.

ಇನ್ನು ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಸರದಿ. ಕಾವಿಗೆ ಅದು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಹಾಗೆಯೇ ಕೂಡಿಸಿದರೆ ಸಂದಿಯಿಂದ ಒತ್ತಡ ಸೋರಿಹೋಗುತ್ತದೆ. ಅದನ್ನು ತಿದ್ದಲು ನಮ್ಮ ಕಡೆಯ ಫಿಟ್ಟರುಗಳಿಗೆ ಯಂತ್ರ ಬೇಡ, ನೆಲಕ್ಕೆ ಹಾಸುವ ಶಹಾಬಾದ್ ಪರಸಿಕಲ್ಲು ಸಾಕು. ಚಾಚಾ ಉಕ್ಕಿನ ಪಟ್ಟಿ ಕೊಟ್ಟು ನಮ್ಮ ಮನೆಯ ನೆಲವನ್ನೆಲ್ಲ ನನ್ನಿಂದ ಅಳೆಸಿದರು. ಅತಿ ಸಪಾಟಾದ ಕಲ್ಲು ಸಿಕ್ಕಿದ್ದು ಅವ್ವ ರೊಟ್ಟಿ ಬಡಿಯುವ ಜಾಗದಲ್ಲಿ. ಅದರ ಮೇಲೆ ಪಾಲಿಷ್ ಕಾಗದ ಹಾಸಿ, ಹೆಡ್ಡನ್ನು ಬೋರಲು ಹಾಕಿ, ಎಂಟರ ಆಕಾರದಲ್ಲಿ ಮಂಗಳವಾರವಿಡೀ ತಿಕ್ಕಿದೆ. ಆ ದಿನ ರೊಟ್ಟಿ ಚಾಚಾನ ಮನೆಯಿಂದ ಬಂದವು.

"ಭಾಳ ಒತ್ತಬ್ಯಾಡ," ಎನ್ನುತ್ತಿದ್ದರು ಚಾಚಾ, ಕಣ್ಣು ಮುಚ್ಚಿಕೊಂಡು, ಸದ್ದು ಕೇಳಿಸಿಕೊಳ್ಳುತ್ತ. "ಪುಡಿ ಆದ್ರ ಎಂಜಿನ್ ಕೆಡಸ್ತದ, ಸಪಾಟ ಇದ್ರ ಎಂಜಿನ್ ತಿದ್ದತದ. ಎರಡೂ ಒಂದೇ ಕಲ್ಲು. ತಪ್ಪು ಕಲ್ಲಿಂದಲ್ಲ ನೋಡು."

ಬುಧವಾರ ಕೂಡಿಸಿದೆವು. ಪಿಸ್ಟನ್ನಿನ ಮೂರು ರಿಂಗುಗಳ ಸೀಳು ಒಂದೇ ಸಾಲಿಗೆ ಬರಬಾರದು, ಮೂರೂ ಮೂರು ದಿಕ್ಕಿಗೆ ಇದ್ದರೇ ಏನೂ ದಾಟಿ ಹೋಗುವುದಿಲ್ಲ ಎಂದರು ಚಾಚಾ. ಮೂರು ಇಲಾಖೆಗಳ ಬಾಗಿಲಿಗೆ ಅಲೆದವರಿಗೆ ಆ ವ್ಯವಸ್ಥೆ ಹೊಸದಲ್ಲ. ಅದು ಸರಿಯಾಗಿ ಕೆಲಸ ಮಾಡುವುದನ್ನು ಎಂಜಿನ್ನಿನೊಳಗಷ್ಟೇ ಕಂಡೆ. ಸಂಜೆಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಲಕೋಟೆಗಳೆಲ್ಲ ಖಾಲಿಯಾದವು. ಒಂದು ಬೋಲ್ಟೂ ಉಳಿಯಲಿಲ್ಲ. ಉಳಿದೇ ಉಳಿಯುತ್ತದೆ ಎಂದು ಪಂಥ ಕಟ್ಟಿದ್ದ ಚಾಚಾನಿಗೆ ಕೊಂಚ ನಿರಾಸೆಯಾಯಿತು.

ಕಿಕ್ ಹೊಡೆಯುವ ಹಕ್ಕನ್ನು ಅವ್ವ ಯಾರಿಗೂ ಬಿಡಲಿಲ್ಲ. ಐದು ಸಲ ಹೊಡೆದಳು. ಗಾಡಿ ಕೆಮ್ಮಿ ಸುಮ್ಮನಾಯಿತು. ಆರನೆಯದಕ್ಕೆ ಶೆಡ್ಡಿನ ತಗಡೆಲ್ಲ ನಡುಗಿ, ನೀಲಿ ಹೊಗೆ ಎದ್ದು, ನಿಧಾನವಾಗಿ ತಿಳಿಯಾಯಿತು. ಅವ್ವ ಒಳಗೋಡಿ ತನ್ನ ಸ್ಟೆತಾಸ್ಕೋಪು ತಂದು ಚಾಚಾನ ಕಿವಿಗೆ ಸಿಕ್ಕಿಸಿದಳು. ನಾನು ಅದರ ಬಿಲ್ಲೆಯನ್ನು ಹೆಡ್ಡಿನ ಹತ್ತಿರ ಹಿಡಿದೆ.

"ಹೇಳ್ರಿ ಡಾಕ್ಟರ್," ಎಂದಳು ಅವ್ವ.

ಚಾಚಾ ಒಂದು ನಿಮಿಷ ಆಲಿಸಿದರು. "ತಾಯಿ, ಕೂಸು ಇಬ್ಬರೂ ಆರಾಮ ಅದಾರ."

ಗುರುವಾರ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕುಳಿತೆ. ಹೊಸದಾಗಿ ಕೂಡಿಸಿದ ಎಂಜಿನ್ನು ಪಳಗುವವರೆಗೆ ಜೋರು ಓಡಿಸಬಾರದು; ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು, ಒಂದು ಮೇಕೆಯ ಹಿಂಡು ಕೂಡ. ತಿರುವಿನ ಬೇವಿನ ಮರದ ಕೆಳಗೆ ತಾಯಂದಿರು ಆಗಲೇ ಬಂದು ಕುಳಿತಿದ್ದರು, ಈ ಸಲವೂ ಗಾಡಿ ಅಲ್ಲೇ ನಿಲ್ಲುತ್ತದೆಂದು.

"ನಿಲ್ಲಂಗಿಲ್ಲ, ನಡೀರಿ ತಾಂಡಾಕ್ಕ," ಎಂದಳು ಅವ್ವ.

"ನಾವು ನಡಕೊಂತ ಹೋದ್ರೂ ನಿನಗಿಂತ ಮೊದಲ ಮುಟ್ಟತೀವಿ ಸಿಸ್ಟರ್," ಎಂದಳೊಬ್ಬಳು. ಹಾಗೆಯೇ ಆಯಿತು. ಅಂದು ಬರಬೇಕಿದ್ದ ಪ್ರತಿ ಕೂಸಿಗೂ ತಾಂಡಾದಲ್ಲೇ ಲಸಿಕೆ ಬಿತ್ತು. ತಾಂಡಾದ ಗುರುವಾರ ತಾಂಡಾದಲ್ಲೇ ಉಳಿಯಿತು.

ಮನೆಗೆ ಬಂದು ಹೊಸ ಫಿಲ್ಟರನ್ನು ತೆಗೆದು ಪರಸಿಕಲ್ಲಿನ ಮೇಲೆ ತಟ್ಟಿದೆ. ಒಂದೇ ದಿನದ್ದು, ಒಂದು ಚಮಚೆಯಷ್ಟು ಬೂದುಪುಡಿ ಉದುರಿತು. ಅವ್ವ ಅದನ್ನು ಮಾತ್ರೆಯ ಲಕೋಟೆಗೆ ತುಂಬಿ, 'ಬೆಳಿಗ್ಗೆ'ಗೆ ಗುರುತು ಹಾಕಿದಳು.

ಆದ್ದರಿಂದ ಈ ಬರಹದ ಮೊದಲಲ್ಲಿ ಸಂಬೋಧಿಸಿದ ತಮ್ಮೆಲ್ಲರಲ್ಲಿ ನನ್ನ ವಿನಂತಿ ಹೀಗಿದೆ. ಸದರಿ ರಸ್ತೆಗೆ ಡಾಂಬರು ಬೀಳುವ ದಿನವನ್ನು ಲಿಖಿತವಾಗಿ ತಿಳಿಸಬೇಕು. ಮುಗಿಯದ ಕೆಲಸವನ್ನು ಮುಗಿದಿದೆಯೆಂದು ಒಪ್ಪಿದ್ದು ಹೇಗೆಂಬುದನ್ನು ವಿವರಿಸಬೇಕು. ಅಲ್ಲಿಯವರೆಗೆ ದಿನಕ್ಕೆರಡು ಬಾರಿ ನೀರು ಹೊಡೆಸಬೇಕು, ಕಲ್ಲಿನ ಲಾರಿಗಳು ತಾಡಪತ್ರಿಯಿಲ್ಲದೆ ಹೊರಡದಂತೆ ನೋಡಿಕೊಳ್ಳಬೇಕು. ಲಕೋಟೆಯನ್ನೂ, ಬ್ಯಾಂಡೇಜ್ ಬಟ್ಟೆಯನ್ನೂ, ಕಾರ್ಡಿನ ನಕಲನ್ನೂ ಲಗತ್ತಿಸಿದ್ದೇನೆ. ಕಾರ್ಡಿನ ಮೊದಲ ಸಾಲಿನ ಮುಂದೆ ನಮ್ಮ ಅವ್ವ ಸಹಿ ಮಾಡಿದ್ದಾಳೆ. ಉಳಿದೆರಡು ಸಾಲುಗಳು ತಮ್ಮವು. ಬರುವ ಗುರುವಾರದೊಳಗೆ ಉತ್ತರ ಬಾರದಿದ್ದರೆ, ಲಸಿಕೆ ಮುಗಿಸಿಕೊಂಡು ಬರುವಾಗ ಅವ್ವ ಮೂಲ ಕಾರ್ಡಿನೊಂದಿಗೆ ತಮ್ಮ ಕಚೇರಿಗೇ ಬರುತ್ತಾಳೆ. ಗಾಡಿ ಈಗ ಚೆನ್ನಾಗಿದೆ.